ಮುಳ್ಳು ಒತ್ತದ ಕೊಕ್ಕೆ

ಲಿಂಗದಹಳ್ಳಿ ಕಡೆಯ ಹಳ್ಳದಲ್ಲಿ ಸತ್ತು ತೇಲಿದ ಆ ದೊಡ್ಡ ಮೀನನ್ನು ಕೊಂದವನು ಕಲೀಂ ಅಲ್ಲ, ನಾನು. ಮುಳ್ಳು ಒತ್ತದ ಕೊಕ್ಕೆಯನ್ನು ನೀರಿಗೆ ಎಸೆದವನು ನಾನು. ಆಮೇಲೆ ಬಾಯಿ ಮುಚ್ಚಿಕೊಂಡು ಕೂತವನು — ಇಲ್ಲ, ಬಾಯಿ ಮುಚ್ಚಿಕೊಂಡಿದ್ದರೆ ಪಾಪ ಅರ್ಧವಾದರೂ ಕಡಿಮೆಯಿರುತ್ತಿತ್ತು. ನಾನು ಬಾಯಿ ಬಿಟ್ಟು ಸುಳ್ಳು ಹೇಳಿದೆ. ಹನ್ನೊಂದು ವರ್ಷವಾಯಿತು.

ಪ್ರತಿ ಭಾನುವಾರ ನನ್ನ ಬಳಿ ಫ್ಲೈ ಫಿಶಿಂಗ್ ಕಲಿಯಲು ಬರುವ ನಿಮಗಾಗಿ ಇದನ್ನು ಬರೆಯುತ್ತಿದ್ದೇನೆ, ಈ ಭಾನುವಾರ ನಾನೇ ನಿಂತು ಓದುತ್ತೇನೆ. ಯಾಕೆಂದರೆ ನಿಮಗೂ ಸುಳ್ಳು ಹೇಳಿದ್ದೇನೆ. ಮೊದಲ ದಿನ ಕೊಕ್ಕೆಯನ್ನು ನಿಮ್ಮ ಕೈಗೆ ಕೊಟ್ಟು, "ಒಬ್ಬ ಟೈಲರ್ ಇದ್ದ ಕಣ್ರೀ, ಮುಳ್ಳು ಒತ್ತೋದು ಮರ್ತ, ಬಂಗಾರದಂಥ ಮೀನು ಸತ್ತೋಯ್ತು" ಎಂದು ಪಾಠ ಶುರು ಮಾಡುತ್ತೇನಲ್ಲ, ನೀವೆಲ್ಲ ತಲೆ ಆಡಿಸುತ್ತೀರಲ್ಲ — ಆ ಕಥೆ. ಅದರಲ್ಲಿ ಮೀನು ನಿಜ, ಮುಳ್ಳು ನಿಜ. ಟೈಲರ್ ಮಾತ್ರ ಸುಳ್ಳು.

ನನ್ನ ಹೆಸರು ಜಯಣ್ಣ ಎಂಬುದು ನಿಮಗೆ ಗೊತ್ತು. ಕಡೂರಿನಲ್ಲಿ ಮೋಟಾರ್ ರಿವೈಂಡಿಂಗ್ ಅಂಗಡಿ, ಸಿಂಗಟಗೆರೆ ಹತ್ತಿರ ಒಂದು ತುಂಡು ತೆಂಗಿನ ತೋಟ. ನನ್ನ ಅಂಗಡಿಯ ಎಡಗೋಡೆಗೆ ಅಂಟಿಕೊಂಡಂತೆ ಕಲೀಮನ ಟೈಲರಿಂಗ್ ಅಂಗಡಿ, ಅದರ ಹಿಂದೆಯೇ ಅವನ ಮನೆ. ಮಧ್ಯೆ ಇದ್ದದ್ದು ಒಂದೇ ಒಂದು ಇಟ್ಟಿಗೆಯ ಗೋಡೆ. ಅವನ ಮಿಷನ್ನಿನ ಸದ್ದು ನಿಂತರೆ ಚಹಾದ ಹೊತ್ತಾಯಿತೆಂದು ನಾನು ಏಳುತ್ತಿದ್ದೆ. ವಯಸ್ಸಿನಲ್ಲಿ ನನಗಿಂತ ಎರಡು ವರ್ಷ ಚಿಕ್ಕವನು, ಕೈಕೆಲಸದಲ್ಲಿ ನನಗಿಂತ ಬಹಳ ದೊಡ್ಡವನು. ನಾವಿಬ್ಬರೂ ಹರಟೆಗೆ ಕೂತರೆ ಗಿರಾಕಿಗಳೇ ಬೇಸತ್ತು ಎದ್ದು ಹೋಗುತ್ತಿದ್ದರು.

ಈ ಹುಚ್ಚು ಹಿಡಿಸಿದವರು ತರೀಕೆರೆಯಲ್ಲಿದ್ದ ಒಬ್ಬ ನಿವೃತ್ತ ಪಶುವೈದ್ಯರು. ಅವರ ಬಳಿ ಕಲಿಯಲು ಹೋಗುತ್ತಿದ್ದ ನಾವು ಐದಾರು ಜನ ಅವರನ್ನು 'ಡಾಕ್ಟ್ರು' ಎಂದಷ್ಟೇ ಕರೆಯುತ್ತಿದ್ದೆವು. ಎರೆಹುಳ ಚುಚ್ಚಿ, ದಂಡೆಯಲ್ಲಿ ಬೀಡಿ ಹಚ್ಚಿ ಕೂರುವ ಗಾಳವಲ್ಲ ಇದು. ಗರಿ ಮತ್ತು ದಾರದಿಂದ ಕಟ್ಟಿದ ನೊಣ ಈ ಫ್ಲೈ, ಅದಕ್ಕೆ ತೂಕವೇ ಇಲ್ಲ. ತೂಕವಿರುವುದು ಗಾಳದ ದಾರಕ್ಕೆ, ಅಂದರೆ ಲೈನಿಗೆ. ರಾಡಿನ ಉದ್ದ ಕೋಲನ್ನು ಹಿಂದಕ್ಕೆ ಬೀಸಿ, ಲೈನು ಬೆನ್ನ ಹಿಂದೆ ಪೂರ್ತಿ ಬಿಚ್ಚಿಕೊಳ್ಳುವವರೆಗೂ ಕಾದು, ಆಮೇಲೆ ಮುಂದಕ್ಕೆ ಬಿಡಬೇಕು. ಆ ಕಾಯುವುದಿದೆಯಲ್ಲ — ಅದು ನನಗೆ ಎಂದೂ ಬರಲಿಲ್ಲ. ಈಗ ನಿಮಗೆ ಕಲಿಸುತ್ತೇನೆ, ಆದರೂ ನಿಜವಾಗಿ ಬಂದಿಲ್ಲ.

ಕಲೀಮನಿಗೆ ಮೊದಲ ತಿಂಗಳಲ್ಲೇ ಬಂದುಬಿಟ್ಟಿತು. ಅಷ್ಟೇ ಅಲ್ಲ, ಡಾಕ್ಟ್ರು ದೂರದಿಂದ ತರಿಸುತ್ತಿದ್ದ ಫ್ಲೈಗಳನ್ನು ನೋಡಿ ನಕ್ಕು, "ಇದನ್ನ ನಾನೇ ಕಟ್ಕೊಡ್ತೀನಿ ಬಿಡಿ ಸಾರ್" ಎಂದ. ನಾಟಿ ಹುಂಜದ ಕತ್ತಿನ ಗರಿ, ರವಿಕೆ ಹೊಲಿದು ಉಳಿದ ರೇಷ್ಮೆ ದಾರ, ಕೊಕ್ಕೆ ಹಿಡಿಯಲು ಒಂದು ಪುಟ್ಟ ವೈಸು, ಇಷ್ಟೇ ಅವನ ಕಾರ್ಖಾನೆ. ಕೊನೆಯ ಗಂಟು ಹಾಕುವುದನ್ನು ಅವನಿಗೆ ಯಾರೂ ಕಲಿಸಬೇಕಾಗಿರಲಿಲ್ಲ. ಅವನ ತಾಯಿ ಜೈನಬಿ ಅಮ್ಮ ಸೀರೆಗೆ ಕುಚ್ಚು ಕಟ್ಟುವವರು, ಅವರ ಮನೆಯ ಕುಚ್ಚಿನ ಗಂಟೇ ಬೇರೆ. ಆ ಗಂಟನ್ನೇ ಅವನು ಫ್ಲೈಯ ತಲೆಗೆ ಹಾಕುತ್ತಿದ್ದ. ಎಷ್ಟು ನೆನೆದರೂ ಬಿಚ್ಚುತ್ತಿರಲಿಲ್ಲ.

ಹಳ್ಳದ ವಿಷಯ. ಗುಡ್ಡದ ಬುಡದಲ್ಲಿ ಒಂದು ಪುಟ್ಟ ದರ್ಗಾ, ಅದರ ಮುಂದೆ ನೀರಿಗಿಳಿಯುವ ಮೆಟ್ಟಿಲು, ಮೆಟ್ಟಿಲ ಕೆಳಗೆ ಆಳವಾದ ಮಡು. ಆ ಮಡುವಿನ ಮೀನುಗಳಿಗೆ ಗುರುವಾರ ಗುರುವಾರ ಜನ ಮಂಡಕ್ಕಿ ಹಾಕುತ್ತಾರೆ, ಸುತ್ತಲಿನ ಎಲ್ಲ ಜಾತಿಯವರೂ. ಅಲ್ಲಿ ಯಾರೂ ಗಾಳ ಹಾಕುವಂತಿಲ್ಲ. ಸುಣ್ಣ ಬಳಿದ ಬಂಡೆಯಿಂದ ಕೆಳಗೆ ಮಾತ್ರ ನಮಗೆ ಅವಕಾಶ, ಅದೂ ಡಾಕ್ಟ್ರ ಮುಖ ನೋಡಿ ಊರವರು ಕೊಟ್ಟದ್ದು. ಹಿಡಿದ ಮೀನನ್ನು ಬಿಟ್ಟೇ ಬರಬೇಕು, ಕೊಕ್ಕೆಯಲ್ಲಿ ಮುಳ್ಳು ಇರಕೂಡದು.

ಕೊಕ್ಕೆಯ ಮೊನೆಯ ಹಿಂದೆ ಅಕ್ಕಿನುಚ್ಚಿನಷ್ಟು ಒಂದು ಎದುರು ಮುಳ್ಳು ಇರುತ್ತದೆ. ಚುಚ್ಚಿಕೊಂಡದ್ದು ಹಿಂದಕ್ಕೆ ಜಾರದಂತೆ ತಡೆಯುವುದೇ ಅದು. ಪ್ಲೇಯರ್‌ನಲ್ಲಿ ಅದನ್ನು ಒತ್ತಿ ಮಟ್ಟ ಮಾಡಿದರೆ ಮೀನನ್ನು ಗಾಯವಿಲ್ಲದೆ ಬಿಡಬಹುದು. ಲೈನು ಹರಿದರೂ ಮೀನೇ ತಲೆ ಕೊಡವಿ ಫ್ಲೈಯನ್ನು ಕಳಚಿಕೊಳ್ಳುತ್ತದೆ. ನಮ್ಮ ಡಾಕ್ಟ್ರು ಅಷ್ಟಕ್ಕೇ ಬಿಡುತ್ತಿರಲಿಲ್ಲ. ಒಬ್ಬ ಒತ್ತಿದ ಕೊಕ್ಕೆಯನ್ನು ಇನ್ನೊಬ್ಬ ತನ್ನ ಅಂಗಿಯ ತೋಳಿಗೆ ಚುಚ್ಚಿ ಎಳೆದು ನೋಡಬೇಕು. ಬಟ್ಟೆ ಹಿಡಿಯದೆ ಸಲೀಸಾಗಿ ಬಂದರೆ ಮಾತ್ರ ನೀರಿಗೆ. ಹಾಗಾಗಿ ಒಬ್ಬೊಬ್ಬರೇ ಹೋಗುವಂತಿರಲಿಲ್ಲ, ಜೊತೆಗೆ ಇನ್ನೊಂದು ತೋಳು ಬೇಕೇ ಬೇಕು. ಕಲೀಂ ಬಟ್ಟೆ ಹೊಲಿಯುವವನು, ಆದರೂ ಅವನ ತೋಳುಗಳೆಲ್ಲ ತೂತು. "ಊರಿಗೆಲ್ಲ ಹೊಲೀತೀಯ, ನಿನ್ ಅಂಗಿ ನೋಡ್ಕೊಳ್ಳೋ" ಎಂದು ನಾನೇ ಹಂಗಿಸುತ್ತಿದ್ದೆ.

ಮುಳ್ಳಿಲ್ಲದ ಕೊಕ್ಕೆಗೆ ಒಂದು ಶರತ್ತಿದೆ. ಲೈನು ಸದಾ ಬಿಗಿಯಾಗಿರಬೇಕು. ಒಂದು ಗಳಿಗೆ ಸಡಿಲ ಬಿಟ್ಟಿರೋ, ಮೀನು ಹೋಯಿತು. ನನ್ನ ಕೈ ಪ್ರತಿ ಸಲವೂ ಆ ಗಳಿಗೆಯಲ್ಲೇ ಸಡಿಲವಾಗುತ್ತಿತ್ತು. ಎರಡು ವರ್ಷ ನಾನೊಂದು ದೊಡ್ಡ ಮೀನನ್ನೂ ಕೈಯಲ್ಲಿ ಹಿಡಿಯಲಿಲ್ಲ. ಎಲ್ಲರೂ ನಗುತ್ತಿದ್ದರು. ನಾನೂ ನಗುತ್ತಿದ್ದೆ. ಒಳಗೊಳಗೆ ಉರಿಯುತ್ತಿತ್ತು — ಈ ಮಾತನ್ನು ಬರೆಯಲು ಇಷ್ಟು ವಯಸ್ಸಾಗಬೇಕಾಯಿತು. ಅದರಲ್ಲೂ ಕಲೀಂ ಮೀನನ್ನು ನೀರಿನಲ್ಲೇ ಹಿಡಿದು, ಅದರ ಉಸಿರು ತಿರುಗುವವರೆಗೆ ಕಾದು, ಮೆಲ್ಲಗೆ ಬಿಡುವುದನ್ನು ನೋಡಿದಾಗ — ಅವನು ನನ್ನ ಸ್ನೇಹಿತ, ನಿಜ. ಆದರೆ ಆಗೆಲ್ಲ ಅವನ ಮುಖ ನೋಡಲಾಗುತ್ತಿರಲಿಲ್ಲ.

ಒಂದು ಶನಿವಾರ ಅವನು ನನ್ನ ಅಂಗಡಿಗೆ ಬಂದು ಹೊಸ ನಮೂನೆಯ ಫ್ಲೈಯೊಂದನ್ನು ಕೊಟ್ಟ. ಕಂದು ಗರಿ, ಕೆನ್ನೇರಳೆ ರೇಷ್ಮೆಯ ಮೈ. "ಎರಡೇ ಕಟ್ಟಿರೋದು ಕಣೋ. ಒಂದು ನಂಗೆ, ಒಂದು ನಿಂಗೆ. ಇದ್ರಲ್ಲಿ ನಿನ್ ಕೈಗೆ ಮೀನು ಬರ್ದಿದ್ರೆ ನನ್ ಹೆಸ್ರು ಬದಲಾಯ್ಸು" ಎಂದ. ಮುಳ್ಳು ಇನ್ನೂ ಒತ್ತಿರಲಿಲ್ಲ, ಅದನ್ನು ದಂಡೆಯಲ್ಲೇ ಒತ್ತುವುದು ನಮ್ಮ ಪದ್ಧತಿ.

ಮರುದಿನ ಸಂಜೆ ನಾಲ್ಕಕ್ಕೆ ನಾನೊಬ್ಬನೇ ಬೈಕು ಹತ್ತಿ ಬೀರೂರು ದಾಟಿ ಹಳ್ಳಕ್ಕೆ ಹೋದೆ. ಪ್ಲೇಯರ್ ಜೇಬಿನಲ್ಲೇ ಇತ್ತು. ದಿನವಿಡೀ ಪ್ಲೇಯರ್ ಹಿಡಿದೇ ಅನ್ನ ತಿನ್ನುವವನು ನಾನು, ಮರೆತೆ ಎಂದರೆ ಯಾರು ನಂಬುತ್ತಾರೆ? ಮರೆಯಲಿಲ್ಲ. ತೆಗೆದೆ, ಕೊಕ್ಕೆಯ ಹತ್ತಿರ ಹಿಡಿದೆ, ಮತ್ತೆ ಜೇಬಿಗಿಟ್ಟೆ. ಒಂದೇ ಒಂದು ಸಲ, ಒಂದೇ ಒಂದು ಮೀನು, ಹಿಡಿದು ಬಿಟ್ಟುಬಿಡುತ್ತೇನೆ, ಯಾರಿಗೂ ಹೇಳುವುದಿಲ್ಲ — ಹೀಗೆ. ಎಲ್ಲ ಕಳ್ಳರೂ ಹೀಗೇ ಅಂದುಕೊಳ್ಳುತ್ತಾರೇನೋ.

ಸುಣ್ಣದ ಬಂಡೆಯ ಕೆಳಗೇ ಮೀನು ಕಚ್ಚಿತು. ರಾಡು ಬಿಲ್ಲಿನಂತೆ ಬಾಗಿತು. ಮೀನು ಒಮ್ಮೆ ಮೇಲೆ ಬಂದಾಗ ನೋಡಿದೆ, ಬೆನ್ನಿನ ರೆಕ್ಕೆ ಹರಿದಿದ್ದ ಆ ದೊಡ್ಡ ಮಹಶೀರ್ ಮೀನು. ಮೆಟ್ಟಿಲ ಹತ್ತಿರ ಎಲ್ಲರ ಮಂಡಕ್ಕಿಗೂ ಮೊದಲು ಬರುತ್ತಿದ್ದದ್ದು ಅದೇ. ಆಗಲೇ ಲೈನು ಕತ್ತರಿಸಿಬಿಡಬಹುದಿತ್ತು. ಕತ್ತರಿಸಲಿಲ್ಲ. ಅರ್ಧ ಗಂಟೆ ಎಳೆದಾಡಿದೆ. ಖುಷಿಯಿಂದ, ಹೌದು, ಖುಷಿಯಿಂದಲೇ. ಕೊನೆಗೆ ಕಲ್ಲಿನ ಸಂದಿಗೆ ನುಗ್ಗಿ ಲೈನನ್ನು ಹರಿದುಕೊಂಡು ಹೋಯಿತು, ಫ್ಲೈಯನ್ನೂ ಜೊತೆಗೆ ಒಯ್ದು. ನೀರಿನಲ್ಲಿ ಸ್ವಲ್ಪ ರಕ್ತ ಕಂಡಿತು. ಮುಖ ತೊಳೆದುಕೊಂಡು ಮನೆಗೆ ಬಂದೆ.

ಗುರುವಾರ ಬೆಳಿಗ್ಗೆ ಡಾಕ್ಟ್ರ ಫೋನು ಬಂತು. ಮೀನು ಮೆಟ್ಟಿಲ ಬುಡದಲ್ಲಿ ತೇಲುತ್ತಿದೆ, ಎಲ್ಲರೂ ಬನ್ನಿ ಎಂದು. ನಾನು ಹೋಗುವ ಹೊತ್ತಿಗೆ ಕಲೀಂ ಅಲ್ಲಿದ್ದ, ಜೈನಬಿ ಅಮ್ಮನೂ ಇದ್ದರು. ಅವರು ಆ ಮೀನುಗಳಿಗೆ ಮಂಡಕ್ಕಿ ಹಾಕಲು ಶುರು ಮಾಡಿದ್ದು ಕಲೀಮನಿಗೆ ಮೂರು ವರ್ಷವಾಗಿದ್ದಾಗ. ಜ್ವರದಲ್ಲಿ ಎಲ್ಲರೂ ಆಸೆ ಬಿಟ್ಟಿದ್ದ ಮಗು ಉಳಿಯಲೆಂದು ಹೊತ್ತ ಹರಕೆ ಅದು. ಅಂದಿನಿಂದ ಒಂದು ಗುರುವಾರವೂ ತಪ್ಪಿಸಿದವರಲ್ಲ. ಆ ಮೀನು ಚೆನ್ನಾಗಿದ್ದರೆ ತನ್ನ ಮಗ ಚೆನ್ನಾಗಿರುತ್ತಾನೆ ಎಂದು ನಂಬಿದ್ದರು. ಅಂದೂ ಸೆರಗಿನಲ್ಲಿ ಮಂಡಕ್ಕಿ ಕಟ್ಟಿಕೊಂಡೇ ನಿಂತಿದ್ದರು.

ಆ ನೀರನ್ನು ಕಾಯಲು ಊರವರು ಒಪ್ಪಿಸಿದ್ದ ಹಿರಿಯರು ರುದ್ರಪ್ಪನವರು. ಮೀನಿನ ಕಿವಿರಿನಿಂದ ಬಿಡಿಸಿದ ಫ್ಲೈಯನ್ನು ಅಂಗೈಯಲ್ಲಿ ಹಿಡಿದು, "ಯಾರ್ದ್ರಪ್ಪ ಇದು? ಮುಳ್ಳು ಹಂಗೇ ಐತಲ್ಲ?" ಎಂದರು. ಜೈನಬಿ ಅಮ್ಮ ಮುಂದೆ ಬಂದು, ಅದನ್ನು ಕಣ್ಣಿನ ಹತ್ತಿರ ಹಿಡಿದು ತಿರುಗಿಸಿ ನೋಡಿದರು.

"ಈ ಗಂಟು ನಮ್ಮನೇದು" ಎಂದರು. ಅಷ್ಟೇ.

ಕಲೀಮನ ಮುಖ ಬಿಳಿಚಿಕೊಂಡಿತ್ತು. "ಕಟ್ಟಿದ್ದು ನಾನೇ ಸಾರ್. ಎರಡೇ ಕಟ್ಟಿದ್ದು. ನಂದು ಭಾನುವಾರ ಬೆಳಿಗ್ಗೆ ತೋಟದಲ್ಲಿ ಎಸ್ದು ನೋಡುವಾಗ ಲಂಟಾನದ ಪೊದೇಲಿ ಸಿಕ್ಕಾಕ್ಕೊಂಡು ಹೋಯ್ತು. ಇನ್ನೊಂದು…" ಎಂದು ನಿಲ್ಲಿಸಿ ನನ್ನ ಕಡೆ ನೋಡಿದ. ತಪ್ಪು ಹೊರಿಸುವ ನೋಟವಲ್ಲ ಅದು. ಹೇಳು, ನೀನೇ ಹೇಳು ಎನ್ನುವ ನೋಟ. ಅವನು ನನ್ನ ಹೆಸರು ಎತ್ತಲಿಲ್ಲ, ನನಗೆ ಅವಕಾಶ ಕೊಟ್ಟ.

ನಾನೆಂದೆ, "ನಂದು ನನ್ ಹತ್ರಾನೇ ಐತೆ, ಅಂಗಡೀಲಿ."

ಆ ಮಾತು ಎಷ್ಟು ಸಲೀಸಾಗಿ ಬಂತು ಎಂಬುದು ಇಂದಿಗೂ — ಹೋಗಲಿ.

ನಾಳೆ ತಂದು ತೋರಿಸು ಎಂದರು ಡಾಕ್ಟ್ರು. ಅಂದು ಮಧ್ಯಾಹ್ನ ಅಂಗಡಿಯ ಬಾಗಿಲು ಅರ್ಧ ಎಳೆದುಕೊಂಡು ಕೂತೆ. ಕಲಿಯಲೆಂದು ಕಲೀಮನೇ ಹಿಂದೆ ಕೊಟ್ಟಿದ್ದ ಗರಿ ಇತ್ತು, ಅದೇ ಕೆನ್ನೇರಳೆ ದಾರದ ತುಂಡು ಇತ್ತು. ಅವನದರಂತೆಯೇ ಒಂದು ಫ್ಲೈ ಕಟ್ಟಿದೆ. ಗೋಡೆಯಾಚೆ ಅವನ ಮಿಷನ್ನು ಅಂದು ಓಡಲಿಲ್ಲ. ಎಲ್ಲ ಹೊಂದಿತು, ಕೊನೆಯ ಗಂಟು ಮಾತ್ರ ನನಗೆ ಬರುತ್ತಿರಲಿಲ್ಲ. ಮೋಟಾರಿನ ಕಾಯಿಲ್ ಕಟ್ಟುವ ನನ್ನ ಗಂಟನ್ನೇ ಹಾಕಿ, ಮೇಲೆ ಒಂದು ತೊಟ್ಟು ವಾರ್ನಿಷ್ ಬಿಟ್ಟೆ.

ಮರುದಿನ ತರೀಕೆರೆಯಲ್ಲಿ, ಡಾಕ್ಟ್ರ ಮನೆಯ ಪಡಸಾಲೆಯಲ್ಲಿ ಅದನ್ನು ಕೊಟ್ಟೆ. ಡಾಕ್ಟ್ರಿಗೆ ವ್ಯತ್ಯಾಸ ತಿಳಿಯಲಿಲ್ಲ. ಅವರು ಅದನ್ನು ಕಲೀಮನ ಕೈಗೆ ಕೊಟ್ಟು, "ನೀನು ಕೊಟ್ಟಿದ್ದು ಇದೇ ಏನಪ್ಪಾ?" ಎಂದರು. ಕಲೀಂ ಬೆರಳ ತುದಿಯಲ್ಲಿ ಅದರ ತಲೆಯನ್ನು ಸವರಿದ. ಅವನಿಗೆ ತಿಳಿಯಿತು. ತಿಳಿಯಿತೆಂದು ನನಗೂ ತಿಳಿಯಿತು. ಆದರೂ "ಹ್ಞೂಂ ಸಾರ್, ಇದೇ" ಎಂದು ನನ್ನ ಕೈಗೆ ವಾಪಸು ಕೊಟ್ಟ.

"ಇನ್ಮೇಲೆ ನೀನು ಬರೋದು ಬೇಡ ಕಲೀಂ" ಎಂದರು ಡಾಕ್ಟ್ರು. ಅವರ ಕಣ್ಣಲ್ಲೂ ನೀರಿತ್ತು. ಕಲೀಂ ಚಪ್ಪಲಿ ಮೆಟ್ಟಿಕೊಂಡು ಬಸ್ ಸ್ಟ್ಯಾಂಡಿನ ಕಡೆ ನಡೆದ. ನನ್ನ ಬೈಕಿನಲ್ಲಿ ಬಂದವನು ಬಸ್ಸಿನಲ್ಲಿ ಹೋದ.

ವಾರದ ನಂತರ ಅವನ ವೈಸು, ಗರಿಗಳ ಡಬ್ಬಿ, ಕೊಕ್ಕೆಗಳು ನನ್ನ ಅಂಗಡಿಯ ಬಾಗಿಲಲ್ಲಿದ್ದವು. ನೀವೆಲ್ಲ ಫ್ಲೈ ಕಟ್ಟಲು ಕಲಿತದ್ದು ಆ ವೈಸಿನಲ್ಲೇ. ಜೈನಬಿ ಅಮ್ಮ ಗುರುವಾರ ಹಳ್ಳಕ್ಕೆ ಹೋಗುವುದನ್ನು ನಿಲ್ಲಿಸಿದರು. ಹೋಟೆಲಿನಲ್ಲಿ, ಸಂತೆಯಲ್ಲಿ, "ದರ್ಗಾದ ಮೀನು ಕೊಂದೋನು" ಎಂಬ ಮಾತು ಕಲೀಮನ ಬೆನ್ನ ಹಿಂದೆ ಓಡಾಡಿತು. ಕೆಲವೊಮ್ಮೆ ನಾನೂ ಆ ಟೇಬಲ್ಲಿನಲ್ಲೇ ಕೂತಿರುತ್ತಿದ್ದೆ. ಮೊದಲೆಲ್ಲ "ಲೇ ಜಯಣ್ಣ" ಎನ್ನುತ್ತಿದ್ದವನು "ಏನ್ರೀ, ಕರೆಂಟ್ ಬಂತಾ?" ಎನ್ನುವಷ್ಟಕ್ಕೆ ಇಳಿದ. ಚಹಾ ನಿಂತಿತು. ಡಾಕ್ಟ್ರು ತೀರಿಕೊಂಡರು, ಅವರಿಗೆ ನಿಜ ಹೇಳುವ ದಾರಿಯೂ ಮುಚ್ಚಿತು. ಅವರ ಜಾಗದಲ್ಲಿ ನಾನು ಕೂತೆ. ಇದಕ್ಕಿಂತ ನಾಚಿಕೆಗೇಡು ಇನ್ನೇನಿದೆ?

ಹೋದ ತಿಂಗಳು ಅಜ್ಜಂಪುರದಿಂದ ಬರುವ ನರ್ಸಮ್ಮ — ನಿಮ್ಮಲ್ಲೇ ಕೂತಿದ್ದಾರೆ — ನನ್ನ ಟೈಲರ್ ಕಥೆ ಕೇಳಿ ಮುಗಿಸಿ, "ಸಾರ್, ಅವ್ರು ಈಗ ಎಲ್ಲವ್ರೆ? ಒಂದ್ ತಪ್ಪಿಗೆ ಯಾರೂ ಹೋಗಿ ಮಾತಾಡಿಸ್ಲೇ ಇಲ್ವಾ?" ಎಂದರು. ಏನೋ ಹೇಳಿ ಮಾತು ತಿರುಗಿಸಿದೆ. ಆದರೆ ಅಂದು ಬೈಕಿನಲ್ಲಿ ಬರುವಾಗ ದಾರಿಯುದ್ದಕ್ಕೂ ಅದೇ. ನಾನು ಒಬ್ಬನ ಮೇಲೆ ಸುಳ್ಳು ಹೊರಿಸಿದ್ದಷ್ಟೇ ಅಲ್ಲ, ಆ ಸುಳ್ಳನ್ನು ಪಾಠ ಮಾಡಿ, ಚಪ್ಪಾಳೆ ಹೊಡೆಸಿಕೊಂಡು ಬದುಕಿದ್ದೇನೆ.

ಮೊನ್ನೆ ಶುಕ್ರವಾರ, ನಮಾಜು ಮುಗಿಸಿ ಕಲೀಂ ಅಂಗಡಿ ತೆರೆದ ಮೇಲೆ ಹೋದೆ. ಸಮವಸ್ತ್ರ ಹೊಲಿಯುತ್ತಿದ್ದ. ನಿಂತೇ ಹೇಳಿದೆ, ಎಲ್ಲವನ್ನೂ — ಪ್ಲೇಯರ್ ಜೇಬಿನಲ್ಲಿದ್ದದ್ದು, ರಕ್ತ ಕಂಡದ್ದು, ಗಂಟು. ಅವನು ಮಿಷನ್ನು ನಿಲ್ಲಿಸಲಿಲ್ಲ. ನಾನು ಮುಗಿಸಿದ ಮೇಲೂ ಆ ಹೊಲಿಗೆಯನ್ನು ಕೊನೆಯವರೆಗೆ ಓಡಿಸಿ, ದಾರ ಕತ್ತರಿಸಿ, ಆಮೇಲೆ ತಲೆಯೆತ್ತಿದ.

"ನಂಗೆ ಗೊತ್ತಿರೋದನ್ನ ನಂಗೇ ಹೇಳೋಕ್ ಬಂದ್ರಾ ಜಯಣ್ಣ?"

"ಅವತ್ತು ಡಾಕ್ಟ್ರ ಮನೇಲಿ ಯಾಕೆ ಹೇಳ್ಲಿಲ್ಲ?" ಎಂದು ಕೇಳಿದೆ, ಕೇಳಿದ ಮೇಲೆ ನಾಲಗೆ ಕಚ್ಚಿಕೊಂಡೆ. ಅವನು ಎದ್ದು ಒಳಬಾಗಿಲ ಪರದೆ ಸರಿಸಿದ.

"ಒಳಗೆ ಬನ್ನಿ. ಅಮ್ಮಿಗೆ ಹೇಳಿ."

ಜೈನಬಿ ಅಮ್ಮ ಮಂಚದ ಮೇಲೆ ಕೂತು ಅವರೆಕಾಯಿ ಬಿಡಿಸುತ್ತಿದ್ದರು. ಎಂಬತ್ತು ದಾಟಿದೆ, ಬುದ್ಧಿ ಚುರುಕಾಗಿಯೇ ಇದೆ, ಕಿವಿ ಮಾತ್ರ ಮಂದ. ನಾನು ಹತ್ತಿರ ಕೂತು ಮೆಲ್ಲಗೆ ಹೇಳಿದೆ. "ಕೇಳ್ಸಲ್ಲಪ್ಪ, ಜೋರಾಗ್ ಹೇಳು" ಎಂದರು. ಇನ್ನೊಮ್ಮೆ ಹೇಳಿದೆ. "ಯಾವ ಮೀನು?" ಎಂದರು. ನಾನು ಎದ್ದು ನಿಂತು, ಬೀದಿಗೆಲ್ಲ ಕೇಳುವಂತೆ ಕೂಗಿದೆ. "ದರ್ಗಾದ ಮೀನು ಅಮ್ಮಾ! ಅದನ್ನ ಕೊಂದಿದ್ದು ನಾನು! ಕಲೀಂ ಅಲ್ಲ! ಸುಳ್ಳು ಹೇಳಿದ್ದು ನಾನು!" ಹೊರಗೆ ನಲ್ಲಿಯ ಹತ್ತಿರ ಮಾತಾಡುತ್ತಿದ್ದ ಹೆಂಗಸರು ತಟ್ಟನೆ ಸುಮ್ಮನಾದರು.

ಅವರ ಕೈ ನಿಂತಿತು. ನನ್ನ ಕಡೆ ನೋಡುತ್ತಾರೆ, ಬಯ್ಯುತ್ತಾರೆ, ಶಾಪ ಹಾಕುತ್ತಾರೆ ಎಂದು ಕಾದೆ. ಬಯ್ಯಲಿ ಎಂದೇ ಕಾದೆ. ಅವರು ನನ್ನ ಕಡೆ ತಿರುಗಲೇ ಇಲ್ಲ. ಮಗನನ್ನು ನೋಡಿದರು. ಅವರು ಮನೆಯಲ್ಲಿ ಆಡುವುದು ದಖ್ನಿ ಉರ್ದು, ಆದರೆ ಅಂದು ಆಡಿದ್ದು ಕನ್ನಡದಲ್ಲಿ. ನನಗೂ ತಿಳಿಯಲಿ ಎಂದೋ ಏನೋ.

"ಅವತ್ತು ಸಾಯಂಕಾಲ ಇಲ್ಲೇ ಕೂತ್ಕೊಂಡು ನನ್ ತಲೆ ಮೇಲೆ ಕೈ ಇಟ್ಟು ಹೇಳಿದ್ದೆ, ನಾನಲ್ಲ ಅಮ್ಮಿ ಅಂತ. ನಾನು ನಿನ್ ಕೈ ತಳ್ಬಿಟ್ಟೆ. ಸುಳ್ಳು ಆಣೆ ಮಾಡ್ಬೇಡ, ಗಂಟು ನಂಗೆ ಗೊತ್ತಾಗಲ್ವಾ ಅಂದೆ."

"ಹೋಗ್ಲಿ ಬಿಡಿ ಅಮ್ಮಿ" ಎಂದ ಕಲೀಂ. "ನೀವೇ ನಂಬ್ಲಿಲ್ಲ ಅಂದ್ಮೇಲೆ ಮಾರನೇ ದಿನ ಬೇರೆಯೋರಿಗೆ ಏನ್ ಹೇಳೋದು ಅನ್ಸ್ತು. ಅಷ್ಟೇ."

ಅವರು ಕೈ ಚಾಚಿ ಮಗನ ಕೈಯನ್ನು ಹಿಡಿದು ತಮ್ಮ ತಲೆಯ ಮೇಲೆ ಇಟ್ಟುಕೊಂಡರು. ಐವತ್ತು ದಾಟಿದ ಗಂಡಸು, ಬಗ್ಗಿ ನಿಂತು, ಮುಖ ಗೋಡೆಯ ಕಡೆ ತಿರುಗಿಸಿಕೊಂಡ. ನನ್ನನ್ನು ಯಾರೂ ಕೂರು ಎನ್ನಲಿಲ್ಲ, ಹೋಗು ಎನ್ನಲಿಲ್ಲ.

ಮೀನು ಸತ್ತಿತು, ಸ್ನೇಹ ಹೋಯಿತು, ಅವನ ಹೆಸರು ಕೆಟ್ಟಿತು. ನನ್ನ ತಪ್ಪಿನ ಲೆಕ್ಕ ಇಷ್ಟೇ ಎಂದುಕೊಂಡು ಹೋಗಿದ್ದೆ. ಹನ್ನೊಂದು ವರ್ಷ ಒಬ್ಬ ತಾಯಿ ತನ್ನ ಮಗ ಸುಳ್ಳ ಎಂದುಕೊಂಡೇ ಅವನಿಗೆ ಊಟ ಬಡಿಸಿದ್ದಾರೆ, ಅವನು ಅದು ತಿಳಿದೇ ಎದುರು ಕೂತು ಉಂಡಿದ್ದಾನೆ. ನಾನು ಒಂದು ಗೋಡೆಯಾಚೆ ಕೂತು ಮೋಟಾರು ಕಟ್ಟುತ್ತಿದ್ದೆ.